ರೈಲು ತಪ್ಪಿಸಿಕೊಳ್ಳುವವರಿಗೆ ಎಂಟು ಸೂತ್ರಗಳು

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವ ತನಕ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಗಡಿಯಾರವೆಂದರೆ ಗಣಿಯ ಸೈರನ್. ಅದು ನಿಂತ ಮೇಲೆ ಊರನ್ನು ಎಬ್ಬಿಸುತ್ತಿರುವುದು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಿಂದ ಸಾವಿರಾರು ಮಂದಿ ನಸುಕಿನಲ್ಲೇ ಹೊರಟು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಿಂದಲೇ ಸುಮಾರು 70 ಕಿ.ಮೀ. ಇಲ್ಲಿ ಎರಡು ನಿಮಿಷ ತಡವಾದರೆ ಕೆಲಸಕ್ಕೆ ಎರಡು ನಿಮಿಷ ತಡ ಎಂದಲ್ಲ. ಮುಂದಿನ ಗಾಡಿಯ ತನಕ ಕಾಯಬೇಕು. ಕೆಲವರಿಗೆ ಅರ್ಧ ದಿನದ ಕೂಲಿಯೇ ಹೋಗುತ್ತದೆ. ತಡವಾಗುವ ಚಾಳಿ ಬಿಡಿಸಲು ಇದಕ್ಕಿಂತ ಖಡಕ್ ಮೇಷ್ಟ್ರು ಬೇರೆ ಬೇಕಿಲ್ಲ.

1. ಲೆಕ್ಕವನ್ನು ಹಿಂದಿನಿಂದ ಹಾಕಿ. "ಐದಕ್ಕೆ ಗಾಡಿ, ನಾಲ್ಕೂ ಮುಕ್ಕಾಲಿಗೆ ಹೊರಟರಾಯಿತು" ಅನ್ನುವವರು ದಾರಿಯನ್ನು ಮಾತ್ರ ಎಣಿಸಿರುತ್ತಾರೆ. ಬಂಗಾರಪೇಟೆಯಲ್ಲಿ ಬೈಕಿನಲ್ಲಿ ಬರುವವರನ್ನು ನೋಡಿ. ಸ್ಟ್ಯಾಂಡಿನಲ್ಲಿ ಜಾಗ ಹುಡುಕಬೇಕು, ಚೀಟಿ ಇಸಿದುಕೊಳ್ಳಬೇಕು, ಹೆಲ್ಮೆಟ್ ಸಿಕ್ಕಿಸಬೇಕು, ಮೇಲ್ಸೇತುವೆ ಹತ್ತಿ ಇಳಿಯಬೇಕು. ಒಂದೊಂದೂ ಪುಟ್ಟ ಕೆಲಸ. ಆದರೆ ಗಾಡಿ ತಪ್ಪುವುದು ಹೆಚ್ಚಾಗಿ ಮನೆಯಲ್ಲೂ ಅಲ್ಲ, ರಸ್ತೆಯಲ್ಲೂ ಅಲ್ಲ, ಆ ಮೆಟ್ಟಿಲ ಮೇಲೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕಾದ ಹೊತ್ತಿನಿಂದ ಒಂದೊಂದೇ ಕಳೆಯುತ್ತ ಮನೆ ಬಾಗಿಲಿನ ತನಕ ಬನ್ನಿ. ಆಗ ಸಿಗುವುದೇ ನೀವು ನಿಜಕ್ಕೂ ಹೊರಡಬೇಕಾದ ಹೊತ್ತು.

2. ಒಳ್ಳೆಯ ದಿನವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಒಮ್ಮೆ ಖಾಲಿ ರಸ್ತೆ ಸಿಕ್ಕಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಸ್ಟೇಷನ್ನಿಗೆ ಬೇಗ ತಲುಪಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಆಟೋಗೆ ಕಾದು ಬೆವೆತ ದಿನಗಳು ಮರೆತುಹೋಗುತ್ತವೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ಮನುಷ್ಯ ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾನೆಂದು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದರು. ಒಂದು ವಾರ ನಿಮ್ಮ ಹಾದಿಯ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಗುರುತಿಸಿ. ಅದರಲ್ಲಿ ಅತಿ ನಿಧಾನದ ದಿನವನ್ನೇ ನಂಬಿ.

3. ಬೆಳಗ್ಗೆ ತೀರ್ಮಾನಗಳನ್ನು ಉಳಿಸಿಕೊಳ್ಳಬೇಡಿ. ಯಾವ ಅಂಗಿ, ಯಾವ ಚಪ್ಪಲಿ, ಚಾರ್ಜರ್ ಎಲ್ಲಿ, ಐಡಿ ಕಾರ್ಡ್ ಎಲ್ಲಿ ಎಂಬುದೆಲ್ಲ ರಾತ್ರಿಯೇ ಮುಗಿದಿರಲಿ.

4. ಸೀಸನ್ ಟಿಕೆಟ್ ಮುಗಿಯುವ ದಿನ ಗೊತ್ತಿರಲಿ. ತಿಂಗಳಿಡೀ ಸರಿಯಾಗಿ ಬಂದವರು ಅದು ಮುಗಿದ ಬೆಳಗ್ಗೆ ಕೌಂಟರಿನ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಮುಂಚಿತವಾಗಿ ನವೀಕರಿಸಿ. ನಿಮ್ಮ ಕೆಲಸ ಯಾವುದೇ ಇರಲಿ, ತಿಂಗಳಿಗೊಮ್ಮೆ ಬಂದು ಕಾಲೆಳೆಯುವ ಇಂಥದ್ದೊಂದು ಇದ್ದೇ ಇರುತ್ತದೆ.

5. "ಇದೊಂದು ಮುಗಿಸಿಬಿಡ್ತೀನಿ" ಅನ್ನುವುದನ್ನು ಬಿಡಿ. ಐದು ನಿಮಿಷ ಉಳಿದಿದೆ ಎಂದು ಗಿಡಕ್ಕೆ ನೀರು ಹಾಕಲು, ಒಂದು ವಾಟ್ಸ್ಆ್ಯಪ್ ಉತ್ತರ ಬರೆಯಲು ಕೂರುವವರೇ ಕೊನೆಗೆ ಓಡುವವರು. ಚಪ್ಪಲಿ ಮೆಟ್ಟಿದ ಮೇಲೆ ಹೊಸ ಕೆಲಸ ಹಿಡಿಯಬಾರದು. ಉಳಿದ ಐದು ನಿಮಿಷ ಸ್ಟೇಷನ್ನಿನಲ್ಲಿ ಉಳಿಯಲಿ. ಅಲ್ಲಿ ಪೇಪರ್ ಓದಿ, ಪರೀಕ್ಷೆಗೆ ಓದಿ, ಸುಮ್ಮನೆ ಕೂತರೂ ನಷ್ಟವಿಲ್ಲ. ಬೇಗ ಬಂದು ಕಾಯುವುದನ್ನು ದಂಡ ಎಂದುಕೊಳ್ಳುವವರೆಗೆ ಈ ಚಾಳಿ ಬಿಡುವುದಿಲ್ಲ.

6. ಗಡಿಯಾರವನ್ನು ಹತ್ತು ನಿಮಿಷ ಮುಂದಿಡಬೇಡಿ. ಮುಂದಿದೆ ಎಂದು ನಿಮಗೆ ಗೊತ್ತು. ಎರಡೇ ದಿನದಲ್ಲಿ ಮನಸ್ಸು ಆ ಹತ್ತನ್ನು ಕಳೆದು ಓದಲು ಕಲಿಯುತ್ತದೆ.

7. ತಡವಾದರೆ ನಿಜ ಹೇಳಿ. ಇನ್ನೂ ವೈಟ್‌ಫೀಲ್ಡ್ ದಾಟಿರುವುದಿಲ್ಲ, ಫೋನಿನಲ್ಲಿ "ಬಂದೇಬಿಟ್ಟೆ, ಹತ್ತೇ ನಿಮಿಷ." ಕಾಯುವವರು ಆ ಮಾತನ್ನು ನಂಬಿ ತಮ್ಮ ಕೆಲಸ ನಿಲ್ಲಿಸಿರುತ್ತಾರೆ. "ಗಾಡಿ ತಪ್ಪಿತು, ಒಂದು ಗಂಟೆ ಆಗುತ್ತದೆ, ನೀವು ಶುರು ಮಾಡಿ" ಅನ್ನುವುದಕ್ಕೆ ನಾಚಿಕೆಯಾಗುತ್ತದೆ, ನಿಜ. ಆ ನಾಚಿಕೆಯನ್ನು ಸುಳ್ಳಿನಿಂದ ಮುಚ್ಚದಿದ್ದರೆ ಮರುದಿನ ಬೇಗ ಏಳುತ್ತೀರಿ.

8. ಮನೆಯ ಕೆಲಸ ಹಂಚಿ. ಇದನ್ನು ಯಶಸ್ಸಿನ ಪುಸ್ತಕಗಳು ಬರೆಯುವುದು ಕಡಿಮೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ನಸುಕಿನ ಗಾಡಿಗೆ ಓಡಿಬರುವ ಹೆಂಗಸರಲ್ಲಿ ಅನೇಕರು ಅದಕ್ಕೂ ಎಷ್ಟೋ ಮುಂಚೆ ಎದ್ದು ನೀರು ಹಿಡಿದು, ಅನ್ನ ಸಾರು ಮಾಡಿ, ನಾಲ್ಕು ಡಬ್ಬಿ ಕಟ್ಟಿಟ್ಟು ಬಂದಿರುತ್ತಾರೆ. ಅವರಿಗೆ ಅಲಾರಂ ಇನ್ನೂ ಅರ್ಧ ಗಂಟೆ ಮುಂಚೆ ಇಡಿ ಎನ್ನುವುದು ಅನ್ಯಾಯ. ತಡವಾಗುತ್ತಿರುವುದು ಅವರೊಬ್ಬರ ಚಾಳಿಯಿಂದಲ್ಲ, ಮನೆಯವರೆಲ್ಲರ ಹೊತ್ತನ್ನೂ ಒಬ್ಬರೇ ಹೊತ್ತಿರುವುದರಿಂದ. ತರಕಾರಿ ರಾತ್ರಿ ಹೆಚ್ಚಿಡುವುದು ಗಂಡನ ಪಾಲಿಗಿರಲಿ. ನೀರಿನ ಬಾಟಲಿ ತುಂಬುವುದು ಮಕ್ಕಳದು. ಡಬ್ಬಿ ಯಾರದೋ ಅವರೇ ಕಟ್ಟಿಕೊಳ್ಳಲಿ.