ಕೇಳದೆ ಏಳಬಹುದಾದ ಸೀಟು

ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ಕಬಕದ ಸುತ್ತಮುತ್ತ ಈಗ ಅಪರೂಪವಲ್ಲ. ಮಗಳ ಬಾಣಂತನಕ್ಕೆಂದು ನಾನು ಅಮೆರಿಕಕ್ಕೆ ಹೋಗಿ ಬಂದ ಮೇಲೆ, ಹೊರಟು ನಿಂತವರು ಮನೆಗೆ ಬಂದು ವಿಚಾರಿಸುವುದುಂಟು. ವೀಸಾ, ಔಷಧಿ, ಉಪ್ಪಿನಕಾಯಿ ಕಟ್ಟುವ ಬಗೆ ಎಲ್ಲ ಮುಗಿದು ಕೊನೆಗೆ, "ಕಿಟಕಿ ಬದಿ ಸಿಕ್ಕಿದರೆ ಆಯ್ತಲ್ಲ ಅಕ್ಕ?" ಎನ್ನುತ್ತಾರೆ. ನಮ್ಮ ಪ್ರಾಯದವರಿಗೆ ಆಗುವುದಿಲ್ಲ ಎಂದೇ ನನ್ನ ಉತ್ತರ.

ಮಂಗಳೂರಿನಿಂದ ದುಬೈ ಮೂರೂವರೆ, ನಾಲ್ಕು ಗಂಟೆಯ ದಾರಿ. ಎಲ್ಲಿ ಕೂತರೂ ಕಳೆಯುತ್ತದೆ. ಅಮೆರಿಕದ ಲೆಕ್ಕ ಬೇರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಶುರು ಮಾಡಿದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನದ ಹಾರಾಟವೇ ಸುಮಾರು 17 ಗಂಟೆಯದಾಗಿತ್ತು. ದುಬೈಯಲ್ಲಿ ಇಳಿದು ಹತ್ತಿದರೂ ಅಲ್ಲಿಗೆ ಎರಡನೆಯ ಹಾರಾಟ 15–16 ಗಂಟೆಗೆ ಕಡಿಮೆಯಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಕೂತಲ್ಲೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಕಿಟಕಿ ಬದಿಯಲ್ಲಿ ಕೂತ ನಮ್ಮ ಹೆಂಗಸರು ಮಾಡುವುದೇನು? ಪಕ್ಕದ ಇಬ್ಬರು ನಿದ್ದೆಯಲ್ಲಿದ್ದಾರೆ, ಎಬ್ಬಿಸಲು ಸಂಕೋಚ. ಹಾಗಾಗಿ ನೀರನ್ನೇ ಕುಡಿಯುವುದಿಲ್ಲ. ಇಳಿಯುವಾಗ ಪಾದ ಊದಿ ಚಪ್ಪಲಿ ಏರುವುದಿಲ್ಲ.

ಅದಕ್ಕೇ ನಾನು ಹೇಳುವುದು ಐಲ್ ಸೀಟು, ಅಂದರೆ ನಡೆದಾಡುವ ದಾರಿಯ ಬದಿಯದ್ದು. ಅದರಲ್ಲೂ ಒಂದು ಲೆಕ್ಕವಿದೆ. ಬೋಯಿಂಗ್ 777ರಂಥ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ಮೂರು, ನಾಲ್ಕು, ಮೂರು ಎಂದು ಸೀಟುಗಳಿರುತ್ತವೆ. ಬದಿಯ ಮೂರರಲ್ಲಿ ಐಲಿಗೆ ಕೂತರೆ ಒಳಗಿನ ಇಬ್ಬರೂ ನಮ್ಮನ್ನು ದಾಟಿಯೇ ಹೋಗಬೇಕು. ನಡುವಿನ ನಾಲ್ಕರ ತುದಿಯಲ್ಲಿ ಕೂತರೆ ಎಬ್ಬಿಸುವವರು ಒಬ್ಬರೇ. ಉಳಿದವರು ಆಚೆ ಬದಿಯಿಂದ ಇಳಿಯುತ್ತಾರೆ. ಹೆಚ್ಚಾಗಿ ಅವು ಡಿ ಮತ್ತು ಜಿ ಅಕ್ಷರದ ಸೀಟುಗಳು. ನಾನು ಅವನ್ನೇ ಹುಡುಕುವುದು.

ಯಾವ ಸಾಲು? ಶಿರಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಕೊನೆಯ ಸೀಟಿನವರ ಅವಸ್ಥೆ ನಮಗೆ ಗೊತ್ತೇ ಇದೆ. ವಿಮಾನ ಕುಲುಕುವಾಗಲೂ ಬಾಲದ ಕಡೆಯವರಿಗೇ ಹೆಚ್ಚು ತಟ್ಟುತ್ತದೆ. ರೆಕ್ಕೆಯ ಆಸುಪಾಸಿನಲ್ಲಿ ಕಡಿಮೆ. ಕಟ್ಟಕಡೆಯ ಸಾಲಿನ ಸೀಟು ಎಷ್ಟೋ ಕಡೆ ಹಿಂದಕ್ಕೆ ವಾಲುವುದೂ ಇಲ್ಲ. ಟಾಯ್ಲೆಟ್ಟಿಗೆ ತೀರಾ ಅಂಟಿಕೊಂಡ ಸಾಲೂ ಬೇಡ, ಸರದಿಗೆ ನಿಂತವರು ರಾತ್ರಿಯಿಡೀ ಭುಜ ತಾಗಿಸುತ್ತಾರೆ. ನಾಲ್ಕೈದು ಸಾಲು ಆಚೆ ಇದ್ದರೆ ಸರಿ.

ಕಾಲು ಚಾಚಲು ಜಾಗವಿರುವ ಎದುರಿನ ಸಾಲು ಎಂದು ಆಸೆಪಡುವವರಿದ್ದಾರೆ. ಆದರೆ ಆ ಸಾಲಿನ ಮುಂದಿರುವ ಗೋಡೆಗೇ ಮಕ್ಕಳ ತೊಟ್ಟಿಲು ಸಿಕ್ಕಿಸುವುದು. ಎಳೆ ಮಕ್ಕಳ ಅಳು ಕೇಳಿಸುತ್ತದೆ. ಎದುರು ಸೀಟಿಲ್ಲದ್ದರಿಂದ ವಿಮಾನ ಏರುವಾಗ, ಇಳಿಯುವಾಗ ಕೈಚೀಲವನ್ನು ಕಾಲಬುಡದಲ್ಲಿ ಇಡುವ ಹಾಗಿಲ್ಲ, ಮೇಲೆಯೇ ಹಾಕಬೇಕು. ಎಮರ್ಜೆನ್ಸಿ ಬಾಗಿಲ ಸಾಲಂತೂ ಅಗತ್ಯ ಬಿದ್ದಾಗ ಬಾಗಿಲು ತೆರೆಯಬಲ್ಲ ಗಟ್ಟಿಮುಟ್ಟಾದವರಿಗೆ ಮಾತ್ರ. ವೀಲ್‌ಚೇರ್ ಕೇಳಿದವರಿಗೆ ಅದನ್ನು ಕೊಡುವುದಿಲ್ಲ.

ಕೂತ ಮೇಲೆ ಮಾಡುವ ಒಂದು ಕೆಲಸವಿದೆ. ಐಲ್ ಕಡೆಯ ಕೈಪಟ್ಟಿ ಎತ್ತಿದರೆ ಏಳುವುದಿಲ್ಲ. ಅದರ ಅಡಿಯಲ್ಲಿ, ಬೆನ್ನಿನ ಕಡೆಯ ಮೂಲೆಯಲ್ಲಿ ಬೆರಳಾಡಿಸಿ. ಹಲವು ವಿಮಾನಗಳಲ್ಲಿ ಸಣ್ಣದೊಂದು ಗುಂಡಿ ಸಿಗುತ್ತದೆ. ಒತ್ತಿ ಹಿಡಿದರೆ ಕೈಪಟ್ಟಿ ಮೇಲೇಳುತ್ತದೆ. ಸೀರೆ ಉಟ್ಟವರಿಗೆ, ಮಂಡಿನೋವಿನವರಿಗೆ ಪಕ್ಕಕ್ಕೆ ತಿರುಗಿ ಏಳಲು ಇದರಷ್ಟು ಉಪಕಾರ ಬೇರೆಯಿಲ್ಲ.

ಗಂಡ ಹೆಂಡತಿ ಒಟ್ಟಿಗೆ ಹೋಗುವುದಾದರೆ ಐಲಿನ ಆಚೆ ಒಬ್ಬರು, ಈಚೆ ಒಬ್ಬರು ಕೂರಲಿ. ಮಾತಿಗೂ ಸಿಗುತ್ತಾರೆ, ಯಾರನ್ನೂ ದಾಟಬೇಕಿಲ್ಲ.

ಕಿಟಕಿ ಬೇಡವೇ ಬೇಡ ಎನ್ನುತ್ತಿಲ್ಲ. ಎಳೆಯರು, ಒರಗಿಕೊಂಡು ಒಂದೇ ನಿದ್ದೆ ತೆಗೆಯುವವರು ಕೂರಲಿ. ಆದರೆ ಬೋಯಿಂಗ್ 787ರ ಕಿಟಕಿಗೆ ಎಳೆಯುವ ಪರದೆಯೇ ಇಲ್ಲ; ಗಾಜನ್ನು ಗುಂಡಿಯಿಂದ ಕಪ್ಪಾಗಿಸುವುದು. ಮಲಗುವ ಹೊತ್ತಿಗೆ ಸಿಬ್ಬಂದಿಯೇ ಎಲ್ಲವನ್ನೂ ಒಟ್ಟಿಗೆ ಕಪ್ಪಾಗಿಸಬಲ್ಲರು. ಆಗ ನೋಡಲು ಎಂತದೂ ಇಲ್ಲ.

ಅಪ್ಪ ಅಮ್ಮನಿಗೆ ಅಲ್ಲಿಂದಲೇ ಟಿಕೆಟ್ ಮಾಡಿಸುವ ಮಕ್ಕಳಿಗೆ ಒಂದು ಮಾತು: ವೆಬ್ ಚೆಕ್-ಇನ್‌ವರೆಗೆ ಕಾಯಬೇಡಿ. ಸೀಟಿಗೆ ಬೇರೆ ದುಡ್ಡು ಕೇಳಿದರೂ ಟಿಕೆಟಿನ ಜೊತೆಗೇ ಐಲ್ ಸೀಟು ಹಿಡಿಯಿರಿ, ಸಸ್ಯಾಹಾರಿಗಳಾದರೆ ಊಟವನ್ನೂ ಆಗಲೇ ಬರೆಸಿಬಿಡಿ. ಯಾವ ಸೀಟು ಬೇಕೆಂದು ಅವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.