ಹಡಗಿನ ನಲ್ಲಿ ನೀರು ಕುಡಿಯಬಹುದೆ?

ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರು. ವಯಸ್ಸು 68. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರು. ಅಪ್ಪ ಅಮ್ಮ ಅಪರೂಪಕ್ಕೆ ಬಂದಿದ್ದಾರೆಂದು ಮಗ, ಸೊಸೆ ಅವರನ್ನು ಸಿಯಾಟಲ್‌ನಿಂದ ಅಲಾಸ್ಕಕ್ಕೆ ಏಳು ದಿನಗಳ ಹಡಗಿನ ಪ್ರವಾಸಕ್ಕೆ ಕರೆದೊಯ್ದರು. ಕೋಣೆಯ ಮೇಜಿನ ಮೇಲೆ ಎರಡು ಬಾಟಲಿ ನೀರಿತ್ತು. ಅವುಗಳ ಕೊರಳಿಗೆ ಬೆಲೆಯ ಚೀಟಿ ಕಟ್ಟಿತ್ತು. ಡಾಲರನ್ನು ರೂಪಾಯಿಗೆ ಲೆಕ್ಕ ಹಾಕಿದ ಈ ತಾಯಿ ಬಾಟಲಿಯನ್ನು ಮುಟ್ಟಲಿಲ್ಲ. ಉಳಿದದ್ದು ಬಚ್ಚಲಿನ ನಲ್ಲಿ. ಅದನ್ನು ಕುಡಿಯಲು ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಸಂಜೆ ಒಂದು ಲೋಟ ಕಾಫಿ, ಊಟದ ನಡುವೆ ಎರಡು ಗುಟುಕು ನೀರು. ಇಷ್ಟರಲ್ಲೇ ಎರಡು ದಿನ ಕಳೆದರು.

ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟರು. ಹಡಗಿನ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ನೀರಿನಂಶ ಬಹಳ ಕಡಿಮೆಯಾಗಿದೆ ಎಂದು ಗ್ಲೂಕೋಸ್, ಸಲೈನ್ ಏರಿಸಿದರು. ಅದರ ಬಿಲ್ಲಿನಲ್ಲಿ ವಾರವಿಡೀ ಇಡೀ ಕುಟುಂಬ ಬಾಟಲಿ ನೀರು ಕುಡಿಯಬಹುದಿತ್ತು! ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಊರಿಗೆ ಮರಳಿದ ಮೇಲೆ ನನ್ನಲ್ಲಿಗೆ ಬಂದು ಅವರು ಕೇಳಿದ್ದು ಒಂದೇ ಪ್ರಶ್ನೆ: “ಕಕ್ಕಸು, ಬಚ್ಚಲು ಒಂದೇ ಕಡೆ ಇರೋ ಜಾಗದ ನಲ್ಲಿ ನೀರು ಹೇಗೆ ಕುಡಿಯೋದು ಡಾಕ್ಟ್ರೇ? ಕುಡಿಯಬಹುದಿತ್ತಾ?”

“ಧಾರಾಳವಾಗಿ ಕುಡಿಯಬಹುದಿತ್ತಮ್ಮಾ” ಎಂದೆ. ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

ಹಡಗಿನ ಪ್ರವಾಸ ಈಗ ಕೇವಲ ಶ್ರೀಮಂತರ ಮಾತಾಗಿ ಉಳಿದಿಲ್ಲ. ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಹೋಗುವ ಪ್ರವಾಸಿ ಹಡಗಿನ ಸೇವೆ 2021ರಲ್ಲಿ ಆರಂಭವಾಯಿತು. ನವಮಂಗಳೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬಂದು ಹೋಗುತ್ತವೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳ ಹಿರಿಯರಂತೂ ಒಮ್ಮೆಯಾದರೂ ಹಡಗು ಹತ್ತುತ್ತಾರೆ. ಆದ್ದರಿಂದ ಹಡಗಿನ ನೀರಿನ ಬಗ್ಗೆ ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದು.

ಈ ನೀರು ಎಲ್ಲಿಂದ ಬರುತ್ತದೆ?

ಸುತ್ತಲೂ ನೀರು, ಆದರೆ ಕುಡಿಯಲು ಬಾರದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇಷ್ಟು ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಹೀಗಾಗಿ ಸಮುದ್ರದ ನೀರು ಕುಡಿದವನ ಬಾಯಾರಿಕೆ ತೀರುವ ಬದಲು ದೇಹ ಇನ್ನಷ್ಟು ಒಣಗುತ್ತದೆ. ಹಿಂದಿನ ಹಾಯಿಹಡಗುಗಳಲ್ಲಿ ಮರದ ಪೀಪಾಯಿಗಳಲ್ಲಿ ಸಿಹಿನೀರು ತುಂಬಿಕೊಂಡು ಹೋಗುತ್ತಿದ್ದರು. ಕೆಲವೇ ವಾರಗಳಲ್ಲಿ ಅದು ಪಾಚಿಗಟ್ಟಿ ನಾರುತ್ತಿತ್ತು.

ಇಂದಿನ ದೊಡ್ಡ ಪ್ರವಾಸಿ ಹಡಗಿಗೆ ದಿನಕ್ಕೆ ನೂರಾರು ಟನ್ ಸಿಹಿನೀರು ಬೇಕು. ಇದು ಮೂರು ವಿಧದಲ್ಲಿ ದೊರೆಯುತ್ತದೆ.

ಮೊದಲನೆಯದು, ಬಂದರಿನಲ್ಲಿ ತುಂಬಿಸಿಕೊಳ್ಳುವ ನೀರು. ಎರಡನೆಯದು, ಸಮುದ್ರದ ನೀರನ್ನು ಆವಿ ಮಾಡಿ ತಣಿಸುವುದು. ಎಂಜಿನ್ನಿನಿಂದ ಹೊರಬರುವ ಶಾಖವನ್ನೇ ಇದಕ್ಕೆ ಬಳಸುತ್ತಾರೆ. ಯಂತ್ರದೊಳಗೆ ಗಾಳಿಯ ಒತ್ತಡ ತಗ್ಗಿಸಿರುವುದರಿಂದ ನೀರು 100 ಡಿಗ್ರಿಯವರೆಗೆ ಕಾಯಬೇಕಿಲ್ಲ, 80 ಡಿಗ್ರಿಗಿಂತ ಕಡಿಮೆ ಶಾಖದಲ್ಲೇ ಆವಿಯಾಗುತ್ತದೆ. ಉಪ್ಪು ಕೆಳಗೆ ಉಳಿಯುತ್ತದೆ. ಮೂರನೆಯದು ನಮ್ಮ ಮನೆಗಳಲ್ಲೂ ಇರುವ ಆರ್.ಓ. ವಿಧಾನ. ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಸಮುದ್ರದ ನೀರನ್ನು ಭಾರೀ ಒತ್ತಡದಲ್ಲಿ ತಳ್ಳಿ ಉಪ್ಪನ್ನು ಬೇರ್ಪಡಿಸುತ್ತಾರೆ.

ಬಂದರಿನ ಒಳಗೆ, ಕೊಳೆ ಇರುವ ಕಡೆ ಸಮುದ್ರದಿಂದ ನೀರು ತಯಾರಿಸುವಂತಿಲ್ಲ. ಹಡಗು ದಡದಿಂದ ದೂರ ಸಾಗಿದ ಮೇಲೆಯೇ ಈ ಕೆಲಸ ನಡೆಯುತ್ತದೆ.

ಶುದ್ಧಿಯ ಖಾತರಿ ಏನು?

ಉಪ್ಪು ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದಲ್ಲ. ಕಡಿಮೆ ಶಾಖದಲ್ಲಿ ಆವಿಯಾದ ನೀರಿನಲ್ಲಿ ರೋಗಾಣುಗಳು ಪೂರ್ತಿ ಸತ್ತಿವೆ ಎಂದು ಹೇಳಲಾಗದು. ಆದ್ದರಿಂದ ಯಾವ ಮೂಲದ ನೀರಾದರೂ ಅದಕ್ಕೆ ಕ್ಲೋರಿನ್ ಅಥವಾ ಅಂಥದೇ ರೋಗಾಣುನಾಶಕ ಬೆರೆಸಿ ತೊಟ್ಟಿಗೆ ಬಿಡುತ್ತಾರೆ. ಬಟ್ಟಿ ಇಳಿಸಿದ ನೀರು ಸಪ್ಪೆಯಾಗಿರುವುದರಿಂದಲೂ ಕೊಳವೆಗಳನ್ನು ಸವೆಸುವುದರಿಂದಲೂ ಒಂದಿಷ್ಟು ಖನಿಜ ಸೇರಿಸುವುದುಂಟು.

ಅಮೆರಿಕದ ಬಂದರುಗಳನ್ನು ಮುಟ್ಟುವ ಪ್ರವಾಸಿ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿ.ಡಿ.ಸಿ. 1970ರ ದಶಕದಿಂದ ನೈರ್ಮಲ್ಯ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಅದರ ನಿಯಮದಂತೆ ಹಡಗಿನ ಮೂಲೆಮೂಲೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ಭಾರತೀಯ ಮಾನಕವು ಕೊಳಾಯಿ ನೀರಿಗೆ ಹೇಳುವ ಕನಿಷ್ಠ ಪ್ರಮಾಣವೂ ಇದೇ. ಕರುಳಿನ ರೋಗಾಣುಗಳಿಗಾಗಿ ಪ್ರತಿ ತಿಂಗಳು ಕನಿಷ್ಠ ನಾಲ್ಕು ಮಾದರಿಗಳನ್ನು ಪರೀಕ್ಷಿಸಬೇಕು. ಕುಡಿಯುವ ನೀರಿನ ಕೊಳವೆಗೆ ನೀಲಿ ಬಣ್ಣದ ಗುರುತು ಇರಬೇಕು, ಕೊಳೆ ನೀರು ಅದರೊಳಗೆ ಹಿಂದಕ್ಕೆ ನುಗ್ಗದಂತೆ ತಡೆ ಇರಬೇಕು. ತಪಾಸಣೆಯವರು ಮುಂಚಿತವಾಗಿ ತಿಳಿಸದೆ ಬರುತ್ತಾರೆ. 100 ಅಂಕಗಳಲ್ಲಿ 86 ಬಂದರೆ ತೇರ್ಗಡೆ, 85 ಬಂದರೆ ನಪಾಸು. ಅಂಕಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ.

ಬೇರೆ ಕಡೆ ಸಂಚರಿಸುವ ಹಡಗುಗಳಿಗೂ ನಿಯಮಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ಹಡಗಿನ ನೈರ್ಮಲ್ಯಕ್ಕೆಂದೇ ಮಾರ್ಗದರ್ಶಿ ಪುಸ್ತಕ ಹೊರತಂದಿದೆ. ಅಂತರರಾಷ್ಟ್ರೀಯ ಸಂಚಾರದ ಹಡಗುಗಳಿಗೆ ನೈರ್ಮಲ್ಯ ಪ್ರಮಾಣಪತ್ರ ಬೇಕು, ಅದರ ಅವಧಿ ಆರು ತಿಂಗಳು.

ಬಚ್ಚಲಿನ ನಲ್ಲಿ, ಊಟದ ಮನೆಯ ನಲ್ಲಿ

ನಮ್ಮ ಶಿಕ್ಷಕಿಯ ಸಂಕೋಚ ಅರ್ಥವಾಗದ್ದೇನಲ್ಲ. ನಮ್ಮ ಮನೆಗಳಲ್ಲಿ ಕುಡಿಯುವ ನೀರಿನ ಜಾಗವೇ ಬೇರೆ, ಬಚ್ಚಲೇ ಬೇರೆ. ಎಷ್ಟೋ ಊರುಗಳಲ್ಲಿ ಕುಡಿಯಲು ಕಾವೇರಿ ನೀರು, ಬಳಸಲು ಬೋರ್‌ವೆಲ್ ನೀರು ಎಂದು ಎರಡು ತೊಟ್ಟಿಗಳೇ ಇರುತ್ತವೆ. ಆದರೆ ದೊಡ್ಡ ಪ್ರವಾಸಿ ಹಡಗಿನಲ್ಲಿ ಕೈತೊಳೆಯುವ ಬೇಸಿನ್ನಿನ ತಣ್ಣೀರು ನಲ್ಲಿಗೂ ಅಡುಗೆಮನೆಗೂ ಬರುವುದು ಸಾಮಾನ್ಯವಾಗಿ ಒಂದೇ ಶುದ್ಧ ನೀರು. ಊಟದ ಮನೆಯಲ್ಲಿ ಜಗ್ಗಿನಿಂದ ಸುರಿದರೆ ಕುಡಿಯುವವರು ಅದೇ ನೀರು ಕೋಣೆಯ ನಲ್ಲಿಯಲ್ಲಿ ಬಂದಾಗ ಹೆದರಬೇಕಾಗಿಲ್ಲ. ಕುಡಿಯಲು ಯೋಗ್ಯವಲ್ಲದ ನೀರಿನ ನಲ್ಲಿಯಿದ್ದರೆ ಅಲ್ಲಿ ಹಾಗೆಂದು ಬರೆದಿರುತ್ತಾರೆ. ಅನುಮಾನವಿದ್ದರೆ ಕೋಣೆ ನೋಡಿಕೊಳ್ಳುವ ಹುಡುಗನನ್ನೇ ಕೇಳಿ. ನಮ್ಮ ಕರಾವಳಿಯ, ಗೋವಾದ ಎಷ್ಟೋ ಜನ ಈ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ನಿಮ್ಮ ಭಾಷೆಯಲ್ಲೇ ಉತ್ತರ ಸಿಕ್ಕರೂ ಆಶ್ಚರ್ಯವಿಲ್ಲ.

ಕ್ಲೋರಿನ್ ವಾಸನೆ ಹಿಡಿಸದಿದ್ದರೆ ಲೋಟದಲ್ಲಿ ನೀರು ಹಿಡಿದು ಸ್ವಲ್ಪ ಹೊತ್ತು ತೆರೆದಿಡಿ. ವಾಸನೆ ತಗ್ಗುತ್ತದೆ. ಆ ವಾಸನೆ ನೀರು ಕೆಟ್ಟಿರುವುದರ ಗುರುತಲ್ಲ, ಕಾವಲಿರುವುದರ ಗುರುತು. ಬಿಸಿನೀರು ಕುಡಿದೇ ಅಭ್ಯಾಸವಿರುವವರು ಬಚ್ಚಲಿನ ಬಿಸಿನೀರು ನಲ್ಲಿಯಿಂದ ಹಿಡಿಯಬೇಡಿ. ಊಟದ ಮನೆಯಲ್ಲಿ ಚಹಾ, ಕಾಫಿಗೆಂದು ಕುದಿನೀರಿನ ನಲ್ಲಿ ಇರುತ್ತದೆ, ಅಲ್ಲಿಂದ ತನ್ನಿ.

ಬಾಟಲಿ ನೀರು ಬೇಕೆನ್ನುವವರು ಕೊಂಡುಕೊಳ್ಳಬಹುದು. ಆದರೆ ಕೋಣೆಯಲ್ಲಿಟ್ಟ ಬಾಟಲಿಗೆ ಹೆಚ್ಚಾಗಿ ಹಣ ಕೊಡಬೇಕಾಗುತ್ತದೆ. ಹೊರಗಿನಿಂದ ನೀರು ತರಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಖಾಲಿ ಬಾಟಲಿಯೊಂದನ್ನು ಒಯ್ದು ತುಂಬಿಸಿಕೊಳ್ಳುವುದು ಸುಲಭದ ದಾರಿ.

ಹಾಗಾದರೆ ಅಪಾಯವೇ ಇಲ್ಲವೆ?

ಇದೆ. ಅದು ಎಲ್ಲಿದೆ ಎಂಬುದನ್ನು ಸರಿಯಾಗಿ ತಿಳಿಯಬೇಕು.

1990ರ ದಶಕದ ಕೊನೆಯಲ್ಲಿ ಮೂರು ಪ್ರವಾಸಿ ಹಡಗುಗಳಲ್ಲಿ ಪ್ರಯಾಣಿಕರಿಗೆ ಭೇದಿ ಹರಡಿತು. ಕಾರಣ, ಇ. ಕೋಲಿ ಎಂಬ ರೋಗಾಣುವಿನ ಒಂದು ತಳಿ. ತನಿಖೆ ನಡೆಸಿದಾಗ ಬೆರಳು ತೋರಿದ್ದು ಐಸ್ ಹಾಕಿದ ಪಾನೀಯಗಳತ್ತ ಮತ್ತು ಬಾಟಲಿಯದಲ್ಲದ ನೀರಿನತ್ತ. ಆ ಹಡಗುಗಳು ವಿದೇಶಿ ಬಂದರುಗಳಲ್ಲಿ ನೀರು ತುಂಬಿಸಿಕೊಂಡಿದ್ದವು. ಅಂದರೆ ಬಂದರಿನ ನೀರು ಕೆಟ್ಟದ್ದಾಗಿದ್ದು ಹಡಗಿನವರು ಕ್ಲೋರಿನ್ ಹಾಕುವುದರಲ್ಲಿ ಎಚ್ಚರ ತಪ್ಪಿದರೆ ತೊಂದರೆ ತಪ್ಪಿದ್ದಲ್ಲ. ಇಂಥ ಪ್ರಸಂಗಗಳು ವಿರಳ. ಆದರೆ ಇದರಿಂದ ಕಲಿಯಬೇಕಾದ ಒಂದು ಪಾಠವಿದೆ: ನೀರು ಐಸ್ ಆದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಹಡಗು ನಿಂತ ಊರಿನಲ್ಲಿ ಇಳಿದು ಸುತ್ತಾಡುವಾಗ ಬಾಟಲಿ ನೀರನ್ನೇ ಕೊಂಡು, ಅದೇ ಅಂಗಡಿಯಲ್ಲಿ ಐಸ್ ಹಾಕಿದ ಹಣ್ಣಿನ ರಸ ಕುಡಿಯುವವರು ಎಷ್ಟು ಜನ!

ಹಡಗಿನಲ್ಲಿ ಹೆಚ್ಚಾಗಿ ಕಾಣುವ ವಾಂತಿಭೇದಿಗೆ ಕಾರಣ ನೋರೋವೈರಸ್. ಇದು ಕುಡಿಯುವ ನೀರಿಗಿಂತ ಹೆಚ್ಚಾಗಿ ಜನರ ಕೈಯಿಂದ ಕೈಗೆ, ಬಾಗಿಲ ಹಿಡಿಕೆಯಿಂದ, ಬಡಿಸುವ ಸೌಟಿನಿಂದ ಹರಡುತ್ತದೆ. ಕೈಗೆ ಸವರುವ ಆಲ್ಕೋಹಾಲ್ ದ್ರಾವಣ ಈ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ಉಜ್ಜಿ ತೊಳೆಯುವುದೇ ಸರಿ. ನೀರು ಹಿಡಿಯುವಾಗ ನಿಮ್ಮ ಬಾಟಲಿಯ ಬಾಯಿ ನಲ್ಲಿಗೆ ತಾಗದಿರಲಿ. ತುಟಿಗೆ ಸೋಕಿಸದೆ ಎತ್ತಿ ಕುಡಿಯುವ ನಮ್ಮ ಹಿರಿಯರ ಅಭ್ಯಾಸ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ರೋಗ ನೀರನ್ನು ಕುಡಿಯುವುದಕ್ಕಿಂತ ಅದರ ಹನಿಗಳನ್ನು ಉಸಿರಾಡುವುದರಿಂದ ಬರುವಂಥದು. ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ, ಹರಿಯದೆ ನಿಂತ ನೀರಿನಲ್ಲಿ ಬೆಳೆದು ನ್ಯುಮೋನಿಯಾ ತರುತ್ತದೆ. 1994ರಲ್ಲಿ ಒಂದೇ ಹಡಗಿನ ಒಂಬತ್ತು ಪ್ರವಾಸಗಳಲ್ಲಿ 50 ಪ್ರಯಾಣಿಕರಿಗೆ ಈ ರೋಗ ತಗುಲಿತ್ತು. ಮೂಲ, ಮೇಲಟ್ಟದ ಬಿಸಿನೀರಿನ ಕೊಳ. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಶ್ವಾಸಕೋಶದ ಕಾಯಿಲೆಯುಳ್ಳವರು ಇಂಥ ಕೊಳಗಳಿಂದ ದೂರವಿರುವುದು ಮೇಲು. ಕೋಣೆಗೆ ಹೋದ ಮೊದಲ ದಿನ ನಲ್ಲಿ ಮತ್ತು ಶವರನ್ನು ಒಂದೆರಡು ನಿಮಿಷ ಬಿಟ್ಟು, ನಿಂತ ನೀರು ಹರಿದುಹೋದ ಮೇಲೆ ಬಳಸಿ.

ಕುಡಿಯದಿರುವುದೇ ದೊಡ್ಡ ಅಪಾಯ

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಚಳಿಯ ಪ್ರದೇಶದಲ್ಲಿ ಬೆವರು ಕಾಣದು, ಬಾಯಾರಿಕೆಯೂ ಆಗದು. ಕಡಲಿನ ಅಲೆಗೆ ವಾಂತಿಯಾದರೆ ಇನ್ನಷ್ಟು ನೀರು ನಷ್ಟ. ಮದ್ಯ ಸೇವಿಸುವವರಿಗೆ ಮೂತ್ರ ಹೆಚ್ಚಾಗಿ ಹೋಗುತ್ತದೆ. ಇದರ ಮೇಲೆ ರಕ್ತದೊತ್ತಡಕ್ಕೋ ಕಾಲಿನ ಬಾವಿಗೋ ‘ನೀರಿನ ಮಾತ್ರೆ’ ನುಂಗುತ್ತಿದ್ದರೆ, ಎರಡು ದಿನ ನೀರು ಬಿಟ್ಟರೂ ಸಾಕು, ರಕ್ತದೊತ್ತಡ ಕುಸಿದು ತಲೆ ತಿರುಗುತ್ತದೆ. ಮೂತ್ರಪಿಂಡಗಳಿಗೂ ಪೆಟ್ಟು. ನಮ್ಮ ಶಿಕ್ಷಕಿಗೆ ಆದದ್ದು ಇದೇ. ಕೆಟ್ಟ ನೀರು ಕುಡಿದರೇನು ಗತಿ ಎಂಬ ಹೆದರಿಕೆಯೇ ಅವರನ್ನು ಕೆಡವಿತು.

ಆರೋಗ್ಯವಂತ ಹಿರಿಯರು ದಿನಕ್ಕೆ ಆರರಿಂದ ಎಂಟು ಲೋಟ ನೀರನ್ನು, ಬಾಯಾರಿಕೆಗೆ ಕಾಯದೆ, ಬಿಡಿಸಿ ಬಿಡಿಸಿ ಕುಡಿಯಬೇಕು. ಮೂತ್ರ ತಿಳಿಹಳದಿಯಾಗಿದ್ದರೆ ಸರಿ, ಕಡುಹಳದಿಯಾದರೆ ನೀರು ಸಾಲದು ಎಂದರ್ಥ. ಆದರೆ ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯವಿರುವವರು ತಮ್ಮ ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು. ವಾಂತಿಭೇದಿಯಾದಾಗ ನೀರಿನ ಮಾತ್ರೆ ನುಂಗಬೇಕೆ, ನಿಲ್ಲಿಸಬೇಕೆ ಎಂಬುದನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನೀವಾಗಿಯೇ ತೀರ್ಮಾನಿಸಬೇಡಿ.

ಓ.ಆರ್.ಎಸ್. ಪೊಟ್ಟಣಗಳನ್ನು ನಾಲ್ಕಾರು ಇಟ್ಟುಕೊಳ್ಳಿ. ಪೊಟ್ಟಣ ಒಂದು ಲೀಟರಿನದೋ 200 ಮಿಲಿಲೀಟರಿನದೋ ಓದಿ ನೋಡಿಯೇ ಕಲಸಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಲ್ಲಿ ರಕ್ತ ಕಂಡರೆ, ಜ್ವರವಿದ್ದರೆ, ಕುಡಿದದ್ದು ನಿಲ್ಲದೆ ವಾಂತಿಯಾಗುತ್ತಿದ್ದರೆ, ಮೂತ್ರ ನಿಂತರೆ ಹಡಗಿನ ವೈದ್ಯರಿಗೆ ತಕ್ಷಣ ತಿಳಿಸಿ. ಬಿಲ್ಲಿಗೆ ಹೆದರಿ ಮುಚ್ಚಿಡಬೇಡಿ. ಪ್ರವಾಸ ವಿಮೆ ಮಾಡಿಸುವುದು ಇದಕ್ಕಾಗಿಯೇ.

ನೆನಪಿಡಿ

* ದೊಡ್ಡ ಪ್ರವಾಸಿ ಹಡಗಿನ ಕೋಣೆಯ ತಣ್ಣೀರು ನಲ್ಲಿಯ ನೀರನ್ನು, ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ, ಕುಡಿಯಬಹುದು.

* ಹಡಗಿನವರೇ ನೀರು ಕುಡಿಯಬೇಡಿ ಎಂದು ಸೂಚನೆ ಕೊಟ್ಟರೆ ತಪ್ಪದೆ ಪಾಲಿಸಿ.

* ದಡಕ್ಕಿಳಿದಾಗ ಅಲ್ಲಿನ ನೀರಿನ ಬಗ್ಗೆ ಖಚಿತವಿಲ್ಲದಿದ್ದರೆ ಸೀಲ್ ಒಡೆಯದ ಬಾಟಲಿ ನೀರು ಮಾತ್ರ ಸಾಕು, ಐಸ್ ಬೇಡ. ಹಡಗಿನಿಂದಲೇ ತುಂಬಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

* ಊಟಕ್ಕೆ ಮೊದಲು, ಶೌಚದ ನಂತರ ಸೋಪಿನಿಂದ ಕೈ ತೊಳೆಯಿರಿ.

* ಎಳೆಮಕ್ಕಳ ಹಾಲಿನ ಪುಡಿಗೆ ಕುದಿಸಿದ ನೀರನ್ನೇ ಕೇಳಿ ಪಡೆಯಿರಿ.

* ಇಲ್ಲಿ ಹೇಳಿದ್ದು ದೊಡ್ಡ ಹಡಗುಗಳಿಗೆ ಮಾತ್ರ. ಹಿನ್ನೀರಿನ ದೋಣಿಮನೆ, ಸಣ್ಣ ಲಾಂಚುಗಳಲ್ಲಿ ಕುದಿಸಿ ಆರಿಸಿದ ನೀರನ್ನೋ ಬಾಟಲಿ ನೀರನ್ನೋ ಒಯ್ಯುವುದೇ ಕ್ಷೇಮ.

ಆ ಶಿಕ್ಷಕಿ ಮುಂದಿನ ವರ್ಷ ಮತ್ತೆ ಮಗನ ಮನೆಗೆ ಹೋಗುವವರಿದ್ದಾರೆ. “ಮತ್ತೆ ಹಡಗು ಹತ್ತಿದರೆ ಮನೆಯಿಂದ ಒಂದು ತಾಮ್ರದ ಚೊಂಬು ತೊಗೊಂಡು ಹೋಗ್ತೀನಿ. ಆ ನಲ್ಲಿ ನೀರನ್ನ ಅದರಲ್ಲಿ ಹಿಡಿದಿಟ್ಟುಕೊಂಡರೆ ಕುಡಿಯೋಕೆ ಮನಸ್ಸು ಒಪ್ಪುತ್ತೆ ಅಲ್ವೇ ಡಾಕ್ಟ್ರೇ?” ಎಂದರು. ಚೊಂಬು ಯಾವುದಾದರೂ ಆಗಲಿ ತಾಯಿ, ನೀರು ಕುಡಿದರೆ ಸಾಕು.