ಸೊಂಟದ ರಿವಾಲ್ವರ್‌ಗೆ ತಕ್ಕ ಹೊದಿಕೆ: ಗಡಿ ತಾಲ್ಲೂಕುಗಳ ಪರವಾನಗಿದಾರರಿಗೆ ಮಾಹಿತಿ

ಸ್ವರಕ್ಷಣೆಗಾಗಿ ಇಟ್ಟುಕೊಂಡ ರಿವಾಲ್ವರ್ ಅಥವಾ ಪಿಸ್ತೂಲನ್ನು ಹೊರಗೆ ಕಾಣದಂತೆ ಒಯ್ಯುವುದು ಭಾರತದಲ್ಲಿ ಅವರವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇಂಥ ಆಯುಧವು ಮೈಗೆ ಬಿಗಿದ ಹೋಲ್‌ಸ್ಟರ್‌ನಲ್ಲಿ, ಅಂದರೆ ಅದಕ್ಕೆಂದೇ ಹೊಲಿದ ಒರೆಯಲ್ಲಿ, ಅಥವಾ ಬೆನ್ನಚೀಲದಂಥ ಹೊದಿಕೆಯಲ್ಲಿ ಪೂರ್ತಿ ಮುಚ್ಚಿಕೊಂಡಿರಬೇಕು ಮತ್ತು ಒಯ್ಯುವವರ ಹಿಡಿತಕ್ಕೆ ಸದಾ ಒಳಪಟ್ಟಿರಬೇಕು. ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಪರವಾನಗಿದಾರರು ಆಯುಧದ ಆಯ್ಕೆಗಿಂತ ಅದರ ಹೊದಿಕೆಯ ಆಯ್ಕೆಗೆ ಹೆಚ್ಚಿನ ಗಮನ ಕೊಡುವುದು ಯುಕ್ತ.

ಮೊದಲ ಹೆಜ್ಜೆ ಪರವಾನಗಿ. 21 ವರ್ಷ ತುಂಬಿದವರು ‘ಎ-1’ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಈ ತಾಲ್ಲೂಕುಗಳ ಮಟ್ಟಿಗೆ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಬೆಳಗಾವಿ ಜಿಲ್ಲಾಧಿಕಾರಿಗೆ ಸೇರಿದ್ದು, ಸ್ಥಳೀಯ ಪೊಲೀಸ್ ಠಾಣೆಯ ವರದಿ ಬಂದ ಬಳಿಕವೇ ಅವರು ತೀರ್ಮಾನ ಕೈಗೊಳ್ಳುತ್ತಾರೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು, ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪ್ರತಿಷ್ಠೆಗಾಗಿ ಆಯುಧ ಬಯಸುವವರು ಈ ಹಂತದಲ್ಲೇ ಹಿಂದೆ ಸರಿಯುವುದು ಅವರ ಮನೆಯವರಿಗೂ ಊರಿಗೂ ಕ್ಷೇಮಕರ.

ಪರವಾನಗಿ ಕೈಗೆ ಬಂದೊಡನೆ ಅದರಲ್ಲಿ ನಮೂದಾದ ವ್ಯಾಪ್ತಿಯನ್ನು, ಅಂದರೆ ಅದು ಯಾವ ಪ್ರದೇಶದೊಳಗೆ ಮಾತ್ರ ಸಿಂಧುವೆಂಬುದನ್ನು, ಓದಿಕೊಳ್ಳಬೇಕು. ಬೇರೆ ಜಿಲ್ಲೆಗಳಲ್ಲಿ ಅಷ್ಟಾಗಿ ಕಾಡದ ಈ ಪ್ರಶ್ನೆ ಇಲ್ಲಿ ದಿನನಿತ್ಯದ್ದು. ನಿಪ್ಪಾಣಿಯಿಂದ ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರದ ಕಾಗಲ್ ಮತ್ತು ಕೊಲ್ಹಾಪುರ, ಕಾಗವಾಡದಿಂದ ಸ್ವಲ್ಪ ಮುಂದೆ ಹೋದರೆ ಮಿರಜ, ಅಥಣಿಯ ಆಚೆಗೆ ಜತ್. ಪೇಟೆ, ಆಸ್ಪತ್ರೆ, ಬೀಗರ ಮನೆಗಳೆಲ್ಲ ಗಡಿಯ ಎರಡೂ ಕಡೆ ಹರಡಿಕೊಂಡಿರುವಾಗ, ಕರ್ನಾಟಕಕ್ಕೆ ಸೀಮಿತವಾದ ಪರವಾನಗಿ ಹೊಂದಿದವರು ಆಯುಧವನ್ನು ಸೊಂಟದಲ್ಲಿಟ್ಟುಕೊಂಡೇ ಮಿರಜದ ಆಸ್ಪತ್ರೆಗೆ ಹೋದರೆ ತಿಳಿಯದೆಯೇ ಅಪರಾಧಕ್ಕೆ ಗುರಿಯಾಗುತ್ತಾರೆ. ಮಹಾರಾಷ್ಟ್ರದಲ್ಲಿ ನಿತ್ಯದ ವ್ಯವಹಾರವಿದ್ದವರು ವ್ಯಾಪ್ತಿ ವಿಸ್ತರಣೆಗೆ ಸಕಾರಣವಾಗಿ ಅರ್ಜಿ ಸಲ್ಲಿಸಬೇಕು. ಅದು ದೊರೆಯುವವರೆಗೆ ಆಯುಧ ಮನೆಯಲ್ಲೇ ಇರಬೇಕು.

ಆಯುಧದ ಆಯ್ಕೆ ಕಿರಿದು. ಬೋರ್ ಎಂದರೆ ನಳಿಗೆಯ ಒಳವ್ಯಾಸ. 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ್ದರಿಂದ ಹೆಚ್ಚಿನವರು ಪಾಯಿಂಟ್ 32 ಬೋರ್‌ನ ದೇಶೀಯ ಆಯುಧಗಳಲ್ಲೇ ಆರಿಸಬೇಕಾಗುತ್ತದೆ. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. ಅಲ್ಲಿಯದೇ ಆದ, 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ ತೂಗುತ್ತದೆ ಮತ್ತು ಅದರ ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಪಿಸ್ತೂಲು ಚಪ್ಪಟೆಯಾಗಿರುವುದರಿಂದ ಬಟ್ಟೆಯಡಿ ಸುಲಭವಾಗಿ ಮರೆಯಾಗುತ್ತದೆ, ಆದರೆ ಗುಂಡು ಸಿಡಿಯದೆ ಹೋದಾಗ ಅದನ್ನು ಸರಿಪಡಿಸಲು ಅಭ್ಯಾಸ ಬೇಕು. ರಿವಾಲ್ವರ್‌ನಲ್ಲಿ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನ ಗುಂಡು ಸರದಿಗೆ ಬರುತ್ತದೆ. ಅಪರೂಪಕ್ಕೆ ಅಭ್ಯಾಸ ಮಾಡುವವರಿಗೆ ರಿವಾಲ್ವರೇ ಮೇಲು. ಹಗುರವಾದಷ್ಟೂ ಹಾರಿಸುವಾಗಿನ ಹಿಂದೊದೆತ ಹೆಚ್ಚು ಎಂಬುದನ್ನು ನೆನಪಿನಲ್ಲಿಟ್ಟು, ಅಂಗಡಿಯಲ್ಲಿ ಖಾಲಿ ಆಯುಧವನ್ನು ಕೈಯಲ್ಲಿ ಹಿಡಿದು ನೋಡಿಯೇ ನಿರ್ಧರಿಸಬೇಕು.

ಒಳ್ಳೆಯ ಹೋಲ್‌ಸ್ಟರ್‌ಗೆ ಮೂರು ಗುಣಗಳಿರಬೇಕು: ಟ್ರಿಗರ್‌ನ ಸುತ್ತಲಿನ ಭಾಗ ಪೂರ್ತಿ ಮುಚ್ಚಿರಬೇಕು, ಓಡಿದರೂ ಬಾಗಿದರೂ ಆಯುಧ ಜಾರಬಾರದು, ಆಯುಧ ಹೊರತೆಗೆದ ಮೇಲೂ ಒರೆಯ ಬಾಯಿ ಮುದುಡಿಕೊಳ್ಳಬಾರದು. ಮುದುಡಿದ ಬಾಯಿಯ ಅಂಚು ಆಯುಧವನ್ನು ಮರಳಿ ಇಡುವಾಗ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುವ ಅಪಾಯವಿದೆ. ಅಗ್ಗದ ನೈಲಾನ್ ಒರೆಗಳನ್ನು ದೂರವಿಡಬೇಕಾದುದು ಇದೇ ಕಾರಣಕ್ಕೆ. ಈ ವಿಷಯದಲ್ಲಿ ಗಡಿನಾಡಿಗೆ ಒಂದು ಅನುಕೂಲವಿದೆ. ಬೆಳಗಾವಿ ಜಿಲ್ಲೆಯೂ ಒಳಗೊಂಡಂತೆ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಗೆ ಬಳಸುವ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾರೆ. ಹೀಗೆ ಸಸ್ಯದ ಒಗರಿನಿಂದ ಹದಗೊಂಡ ಗಟ್ಟಿ ತೊಗಲು ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವುದರಿಂದ, ಮೆತ್ತನೆಯ ಕ್ರೋಮ್ ತೊಗಲಿಗಿಂತ ಹೋಲ್‌ಸ್ಟರ್‌ಗೆ ಹೆಚ್ಚು ಒಗ್ಗುತ್ತದೆ. ಅಥಣಿಯಂಥ ಕಡೆಗಳ ಚಪ್ಪಲಿ ಕುಶಲಕರ್ಮಿಗಳಿಂದ ಇದನ್ನು ಹೊಲಿಸಿಕೊಳ್ಳಬಹುದು. ಆದರೆ ಅಳತೆಗೆ ಅದೇ ಗಾತ್ರದ ಮರದ ಮಾದರಿಯನ್ನು ಕೊಡಬೇಕೇ ಹೊರತು ಪರವಾನಗಿ ಇಲ್ಲದವರ ಬಳಿ ಆಯುಧವನ್ನು ಬಿಟ್ಟುಬರುವಂತಿಲ್ಲ.

ಹೋಲ್‌ಸ್ಟರ್ ಎಲ್ಲಿರಬೇಕೆಂಬುದನ್ನು ಉಡುಪು ನಿರ್ಧರಿಸುತ್ತದೆ. ಪ್ಯಾಂಟು ತೊಡುವವರು ದಪ್ಪ ಬೆಲ್ಟಿಗೆ ಬಲ ಸೊಂಟದ ಪಕ್ಕದಲ್ಲಿ ಕಟ್ಟಿ ಅಂಗಿಯನ್ನು ಹೊರಗೆ ಬಿಟ್ಟರೆ ಸಾಕು. ಧೋತರದ ಗಂಟು 700 ಗ್ರಾಂ ಭಾರ ತಡೆಯದ ಕಾರಣ, ಧೋತರ ಉಡುವವರು ನಿಲುವಂಗಿಯ ಒಳಗೆ ಪ್ರತ್ಯೇಕ ತೊಗಲಿನ ಪಟ್ಟಿಯನ್ನು ಬಿಗಿಯಬೇಕು. ಬೈಕ್ ಸವಾರರು ಬೆನ್ನುಮೂಳೆಯ ಮೇಲೆ ಆಯುಧ ಇಟ್ಟುಕೊಳ್ಳಲೇಬಾರದು, ಏಕೆಂದರೆ ಬಿದ್ದಾಗ ಪೆಟ್ಟು ನೇರವಾಗಿ ಮೂಳೆಗೇ ತಾಗುತ್ತದೆ.

ಬೇಸಿಗೆಯ ಬೆವರಿನಿಂದ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ರಾತ್ರಿ ಗುಂಡುಗಳನ್ನು ತೆಗೆದು, ಆಯುಧವನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೇವ ಹಿಡಿಯುವ ತೊಗಲಿನ ಒರೆಯಿಂದ ಹೊರಗೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿಡಬೇಕು. ಗುಂಡುಗಳನ್ನು ಬೇರೆ ಕಡೆ ಇಡಬೇಕು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ಒಡ್ಡಿದವರಿಗೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚುನಾವಣೆ ಘೋಷಣೆಯಾದಾಗ ಜಿಲ್ಲಾಡಳಿತದ ಆದೇಶ ಬಂದರೆ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಅದರ ಸಂಖ್ಯೆ ನಮೂದಾದ ರಸೀದಿ ಪಡೆದು, ಆಯುಧ ಮರಳಿ ಪಡೆಯುವ ದಿನದವರೆಗೆ ಆ ರಸೀದಿಯನ್ನು ಪರವಾನಗಿಯ ಜೊತೆಯಲ್ಲೇ ಇಟ್ಟುಕೊಂಡಿರಬೇಕು.